ನೆಲದ ಸೀತಾಳೆಯನ್ನು ಗುರುತಿಸುವ ಬಗೆ

ಸೀತಾಳೆಯೆಂದೊಡನೆ ಮಲೆನಾಡಿನ ಮರದ ಕೊಂಬೆಯಿಂದ ಜೋಲುವ ಹೂದಂಡೆ ನೆನಪಿಗೆ ಬರುವುದು ಸಹಜ. ಆದರೆ ಈ ಕುಟುಂಬದಲ್ಲಿ ನೆಲವನ್ನೇ ನೆಚ್ಚಿದವೂ ಉಂಟು. ಹರ್ತಿಗೆ ಸಮೀಪದ ಕಪ್ಪತಗುಡ್ಡದಲ್ಲಾಗಲಿ, ಸಹ್ಯಾದ್ರಿಯ ಮಗ್ಗುಲಲ್ಲಾಗಲಿ ಮಳೆಗಾಲದಲ್ಲಿ ತಿರುಗಾಡುವವರು ಅಂತಹ ಗಿಡವನ್ನು ಗುರುತಿಸುವುದು ಹೇಗೆ?

ಮೊದಲು ಹೂವನ್ನು ನೋಡಬೇಕು. ಲಿಲ್ಲಿಯಲ್ಲಿ ಆರು ಎಸಳುಗಳೂ ಹೆಚ್ಚು ಕಡಿಮೆ ಒಂದೇ ಬಗೆಯವು, ಕೇಸರಗಳು ಬಿಡಿಬಿಡಿಯಾಗಿರುವುವು. ಸೀತಾಳೆಯಲ್ಲಿ ಒಂದು ಎಸಳು ಬೇರೆ ರೂಪ ತಳೆದು ತುಟಿಯಂತೆ ಚಾಚಿರುವುದು. ಕೇಸರವೂ ಶಲಾಕೆಯೂ ಬೆಸೆದು ಒಂದೇ ಕಂಬವಾಗಿರುವುವು. ಹಬೆನೇರಿಯ ಎಂಬ ಜಾತಿಯಲ್ಲಿ ತುಟಿಯ ಬುಡದಿಂದ ಮಧುವಿನ ನೀಳವಾದ ಕೊಳವೆಯೊಂದು ಹಿಂದಕ್ಕೆ ಇಳಿದಿರುವುದು.

ಅನಂತರ ಎಲೆ. ನೆಲಕ್ಕೆ ಅಂಟಿದ ಒಂದೆರಡು ದುಂಡೆಲೆಗಳೂ ಕೆಲವೇ ಬಿಳಿಯ ಹೂಗಳೂ ಇದ್ದರೆ ಅದು ಬ್ಲಾಟರ್ ಮತ್ತು ಮೆಕ್ಯಾನ್ ಅವರು 1932ರಲ್ಲಿ ಹೆಸರಿಟ್ಟ ಹಬೆನೇರಿಯ ಗ್ರಾಂಡಿಫ್ಲೋರಿಫಾರ್ಮಿಸ್ ಆಗಿರಬಹುದು. ಎಲೆಗಳು ದಂಟಿನ ಮೇಲಿದ್ದು ಹೂಗಳೆಲ್ಲ ಒಂದೇ ಪಕ್ಕಕ್ಕೆ ತಿರುಗಿದ್ದರೆ ಹಬೆನೇರಿಯ ಹೇನಿಯಾನವನ್ನು ನೆನೆಯಬೇಕು.

ಇಷ್ಟಕ್ಕಾಗಿ ಗಿಡವನ್ನು ಕೀಳಬೇಕಾದುದಿಲ್ಲ. ನೆಲದೊಳಗಿನ ಗಡ್ಡೆಯೇ ಅದರ ಮುಂದಿನ ವರ್ಷದ ಬಾಳು; ಧೂಳಿನಂತಹ ಬೀಜವಾದರೋ ಮಣ್ಣಿನ ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಮೊಳೆಯದು. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಎಲೆ, ತುಟಿ, ಕೊಳವೆಗಳ ಚಿತ್ರವನ್ನು ಬರೆದುಕೊಂಡು ಗಿಡವನ್ನು ಇದ್ದಲ್ಲಿಯೇ ಬಿಟ್ಟು ಬಂದರೆ ಮುಂದಿನ ಮಳೆಯಲ್ಲಿಯೂ ಅದನ್ನು ಕಾಣಬಹುದು.