ಛತ್ರದವನ ಕರುಣೆ

ಸಮಾರಿಯದವನ ಸಾಮತಿಯನ್ನು ಅರಿಯದ ಕಥೋಲಿಕ ಕುಟುಂಬವಿಲ್ಲ. ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿರುವ ಈ ಸಾಮತಿಯನ್ನು ಕುರಿತು ನಾವು ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಪ್ರಬೋಧನೆ ಮಾಡುತ್ತಾ ಬಂದಿದ್ದೇವೆ. ಬದಿಗೆ ಸರಿದುಹೋದ ಯಾಜಕನನ್ನೂ ಲೇವಿಯನನ್ನೂ ಖಂಡಿಸಿದ್ದೇವೆ, ಸಮಾರಿಯದವನನ್ನು ಕೊಂಡಾಡಿದ್ದೇವೆ. ಆದರೆ ಆ ಕಥೆಯಲ್ಲಿ ಇನ್ನೂ ಒಬ್ಬನಿದ್ದಾನೆಂಬುದನ್ನು ನಮಗೆ ತೋರಿಸಿಕೊಟ್ಟವರು ನಮ್ಮ ಧರ್ಮಕೇಂದ್ರದ ಒಬ್ಬ ದಾದಿ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಅವರು ದುಡಿಯುವುದು ಮನೋರೋಗಿಗಳ ವಾರ್ಡಿನಲ್ಲಿ. ಒಂದು ಸಂಜೆ ಬಲಿಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಂತಿದ್ದರು. ರೋಗಿಯೊಬ್ಬ ಮೂರು ದಿನಗಳಿಂದ ಊಟದ ತಟ್ಟೆಯನ್ನು ತಳ್ಳುತ್ತಿದ್ದನಂತೆ. ಆ ದಿನ ಅನ್ನ, ಸಾರು ಎಲ್ಲವೂ ಇವರ ಸಮವಸ್ತ್ರದ ಮೇಲೆ ಚೆಲ್ಲಿತು. "ಹಸ್ಕೊಂಡೇ ಸಾಯಿ ಅಂದುಬಿಟ್ಟೆ ಫಾದರ್. ಬೆಳಿಗ್ಗೆ ಪರಮಪ್ರಸಾದ ತಗೊಂಡ ನಾಲಿಗೆ ಇದು. ಈ ಕೆಲಸ ಬಿಟ್ಟುಬಿಡ್ತೀನಿ" ಎಂದರು.

"ಆ ರೋಗಿಯಲ್ಲಿ ಕ್ರಿಸ್ತರನ್ನು ಕಾಣಬೇಕಮ್ಮಾ" ಎಂದೆವು. ಗುರುಮಠದಲ್ಲಿ ಕಲಿತ ಉತ್ತರವದು, ಸತ್ಯವೂ ಹೌದು.

"ಗೊತ್ತು ಫಾದರ್. ಆದ್ರೆ ಹಾಗೆ ನೋಡೋಕೆ ಎರಡು ನಿಮಿಷ ಬೇಕು. ನಾವಿಬ್ರು, ಮಲಗಿರೋರು ಮೂವತ್ತು ಜನ. ಆ ಸಮಾರಿಯದವನು ಮಾರನೇ ದಿನ ಹೊರಟುಹೋದ. ಗಾಯಗೊಂಡವನ ಜೊತೆ ಉಳಿದವನು ಛತ್ರದವನು. ಅವನ ಬಗ್ಗೆ ನೀವು ಒಂದು ದಿನವೂ ಹೇಳಲಿಲ್ಲವಲ್ಲ?"

ನಮ್ಮಲ್ಲಿ ಉತ್ತರವಿರಲಿಲ್ಲ. ಗುರುನಿವಾಸಕ್ಕೆ ಹಿಂದಿರುಗುವಾಗ ಇನ್ನೊಂದು ನೆನಪು ಚುಚ್ಚಿತು. ಮನಸ್ಸು ಕದಡಿದ ಯುವಕನೊಬ್ಬ ಪ್ರತಿ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಎರಡು ಸಲ ಅಡಿಗೆಯವರಿಂದ "ಫಾದರ್ ಇಲ್ಲ" ಎಂದು ಹೇಳಿಸಿದ್ದೆವು. ಯಾಜಕನು ಬದಿಗೆ ಸರಿದುಹೋದದ್ದು ಜೆರಿಕೋವಿನ ದಾರಿಯಲ್ಲಿ ಮಾತ್ರವಲ್ಲ.

ಛತ್ರದವನಿಗೆ ದೊರೆತದ್ದು ಎರಡು ನಾಣ್ಯ. ಅಂದಿನ ಎರಡು ದಿನಗಳ ಕೂಲಿ. ಅವನಿಗೆ ಇತರ ಅತಿಥಿಗಳಿದ್ದಿರಬೇಕು, ಲೆಕ್ಕಪತ್ರವಿದ್ದಿರಬೇಕು. ಆದರೂ ಯೇಸುಸ್ವಾಮಿ ಗಾಯಾಳುವನ್ನು ಅವನ ಕೈಗೇ ಒಪ್ಪಿಸಿ ಕಥೆಯನ್ನು ಮುಗಿಸುತ್ತಾರೆ. ಸಂಬಳಕ್ಕಾಗಿ ಮಾಡುವ ಸೇವೆಯೂ ಕರುಣೆಯೇ ಆಗಬಲ್ಲದು ಎಂಬುದು ಒಂದು ಪಾಠ. ಕರುಣೆಯ ಭಾರವನ್ನು ಒಬ್ಬನೇ ಹೊರಬೇಕಾಗಿಲ್ಲ, ಅದನ್ನು ಹಂಚಿಕೊಳ್ಳಬಹುದು ಎಂಬುದು ಇನ್ನೊಂದು.

ಸಂತ ಥಾಮಸ್ ಅಕ್ವಿನಾಸರು ಕರುಣೆಯನ್ನು ಎರಡು ಬಗೆಯಾಗಿ ವಿವೇಚಿಸುತ್ತಾರೆ. ಪರರ ದುಃಖಕ್ಕೆ ಮನ ಕರಗುವುದು ಒಂದು ಭಾವ. ಆ ಭಾವವನ್ನು ವಿವೇಕವು ನಡೆಸಿದಾಗ ಮಾತ್ರ ಅದು ಸದ್ಗುಣ. ಹನ್ನೆರಡು ಗಂಟೆಗಳ ದುಡಿಮೆಯ ಕೊನೆಯಲ್ಲಿ ಮನ ಕರಗದೆ ಹೋದರೆ ಅದು ಪಾಪವಲ್ಲ, ದಣಿವು. ಭಾವವು ಬತ್ತಿದಾಗಲೂ ಸರಿಯಾದುದನ್ನು ಮಾಡುವ ಸಂಕಲ್ಪ ಉಳಿದಿದ್ದರೆ ಕರುಣೆ ಉಳಿದಿದೆ ಎಂದೇ ಅರ್ಥ.

ಈ ವಿವೇಕವನ್ನು ನೋವಿನಿಂದಲೇ ಕಲಿತವರು ಸಂತ ಜಾನ್ ಆಫ್ ಗಾಡ್. 1495ರಲ್ಲಿ ಪೋರ್ಚುಗಲ್ಲಿನಲ್ಲಿ ಹುಟ್ಟಿದ ಅವರು ಸೈನಿಕರಾಗಿ, ಪುಸ್ತಕ ವ್ಯಾಪಾರಿಯಾಗಿ ಅಲೆದವರು. ಸ್ಪೇನಿನ ಗ್ರನಾಡದಲ್ಲಿ ಒಂದು ಪ್ರಬೋಧನೆಯನ್ನು ಕೇಳಿ ಪಶ್ಚಾತ್ತಾಪದಿಂದ ಬೀದಿಯಲ್ಲಿ ಗೋಳಾಡಿದಾಗ ಜನ ಅವರನ್ನು ಹುಚ್ಚನೆಂದು ಆಸ್ಪತ್ರೆಗೆ ಸೇರಿಸಿದರು. ಕಟ್ಟಿಹಾಕಿ ಚಾಟಿಯಿಂದ ಹೊಡೆಯುವುದೇ ಅಂದಿನ ಚಿಕಿತ್ಸೆ. ಆ ಏಟುಗಳನ್ನು ತಿಂದವರೇ ಮುಂದೆ ದಿಕ್ಕಿಲ್ಲದ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರನ್ನು ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕರೆಂದು ಘೋಷಿಸಿದರು. ನಮ್ಮ ದೇಶದಲ್ಲಿಯೂ 2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗಿಗಳನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಸರಪಳಿ ಬಿಚ್ಚಲು ಕಾನೂನು ಸಾಕು. ಗದರುವ ನಾಲಿಗೆಯನ್ನು ಕಟ್ಟಲು ಅದು ಸಾಲದು.

ಮೂರು ವಾರಗಳ ನಂತರ ಆ ದಾದಿ ಮತ್ತೆ ಬಂದರು. ಕೆಲಸ ಬಿಟ್ಟಿರಲಿಲ್ಲ. ರೋಗಿಯ ಬಳಿಗೆ ಹೋಗಿ ಕ್ಷಮೆ ಕೇಳಿದ್ದರು. ಅವನು ಗೋಡೆಯತ್ತ ಮುಖ ತಿರುಗಿಸಿದ್ದನಷ್ಟೆ. ಆಮೇಲೆ ಹಿರಿಯ ದಾದಿಯೊಬ್ಬರನ್ನು ವಿಚಾರಿಸಿದಾಗ ಕಾರಣ ತಿಳಿಯಿತು. ಅನ್ನದಲ್ಲಿ ಯಾರೋ ವಿಷ ಬೆರೆಸಿದ್ದಾರೆಂಬ ಭಯ ಆ ರೋಗಿಗೆ. ಅಂದಿನಿಂದ ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬೇಯಿಸಿದ ಮೊಟ್ಟೆ, ಬಿಚ್ಚದ ಬಿಸ್ಕತ್ತಿನ ಪೊಟ್ಟಣ ಕೊಡತೊಡಗಿದರು. ತನ್ನ ಕೈಯಿಂದಲೇ ಸುಲಿದು ಅವನು ತಿಂದ. "ನನ್ನನ್ನು ಬೈದದ್ದಲ್ಲ ಫಾದರ್, ಹೆದರಿದ್ದ" ಎಂದರು. ಎರಡು ನಿಮಿಷ ಸಿಗದವರಿಗೆ ಒಂದು ಪ್ರಶ್ನೆ ದಾರಿ ತೋರಿತ್ತು.

ನಮ್ಮ ಕುಟುಂಬಗಳಲ್ಲಿ ದಾದಿಯರು, ಶಿಕ್ಷಕರು, ಪೊಲೀಸರು, ಸಮಾಜ ಸೇವಕರು ಅನೇಕರಿದ್ದಾರೆ. ದಿನವೆಲ್ಲ ಕದಡಿದ ಮನಸ್ಸುಗಳ ನಡುವೆ ದುಡಿದು ಅವರು ಮನೆಗೆ ಬರುತ್ತಾರೆ. ಬಾಗಿಲಲ್ಲೇ ದೂರುಗಳ ಪಟ್ಟಿ ಹಿಡಿದು ನಿಲ್ಲದೆ, ಮೊದಲು ಒಂದು ಲೋಟ ಕಾಫಿ ಕೊಟ್ಟು ಅವರ ಮಾತನ್ನು ಕೇಳಿರಿ. ಊಟ ಮಾಡಲೂ ಬಿಡುವಿಲ್ಲದ ಶಿಷ್ಯರನ್ನು ಯೇಸುಸ್ವಾಮಿ ನಿರ್ಜನ ಸ್ಥಳಕ್ಕೆ ಕರೆದೊಯ್ದು ವಿಶ್ರಮಿಸಲು ಹೇಳಿದ್ದನ್ನು ಮಾರ್ಕನು 6ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ವಿಶ್ರಾಂತಿಯೂ ಆಜ್ಞೆಯೇ. ಮನಸ್ಸಿನ ಭಾರ ಮಿತಿ ಮೀರಿದರೆ ವೈದ್ಯರ ನೆರವು ಪಡೆಯಲು ನಾಚಬೇಕಾಗಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ನಮ್ಮ ಬಾಗಿಲಿಗೆ ಬರುತ್ತಿದ್ದ ಯುವಕನ ಪ್ರಶ್ನೆಗೆ ಈಗಲೂ ನಮ್ಮಲ್ಲಿ ಉತ್ತರವಿಲ್ಲ. ಆದರೆ ಅವನು ಬಂದಾಗ ಕುರ್ಚಿ ಹಾಕಿ ಹತ್ತು ನಿಮಿಷ ಜೊತೆಯಲ್ಲಿ ಕೂರುತ್ತೇವೆ. ಸಮಾರಿಯದವನಾಗುವ ಯೋಗ್ಯತೆ ನಮಗಿಲ್ಲದಿದ್ದರೂ, ಪ್ರಭುವು ನಮ್ಮೆಲ್ಲರಿಗೂ ಛತ್ರದವನ ತಾಳ್ಮೆಯನ್ನಾದರೂ ಕರುಣಿಸಲಿ.