ಅಂತರ್ಜಾಲದ ಅಪರಿಚಿತನೂ ಮನೆಯ ಮಕ್ಕಳೂ

ಎದುರಾಳಿಯನ್ನು ವಶಮಾಡಿಕೊಳ್ಳುವುದಕ್ಕೆ ನಮ್ಮ ಪ್ರಾಚೀನ ರಾಜನೀತಿಕಾರರು ನಾಲ್ಕು ಉಪಾಯಗಳನ್ನು ಹೇಳಿರುವರಷ್ಟೆ: ಸಾಮ, ದಾನ, ಭೇದ, ದಂಡ. ಮೊದಲು ಸಿಹಿಮಾತು, ಅದು ಸಾಲದಿದ್ದರೆ ಕೊಡುಗೆ, ಅನಂತರ ಅವನನ್ನು ಅವನ ಕಡೆಯವರಿಂದ ಒಡೆದು ಬೇರೆಮಾಡುವುದು, ಕಟ್ಟಕಡೆಗೆ ಶಿಕ್ಷೆ. ತರಗತಿಯಲ್ಲಿ ಇದನ್ನು ವಿವರಿಸುವಾಗ ನಾನು ಬಹುಕಾಲ ಅರಸರ ಕಥೆಗಳನ್ನೇ ನಿದರ್ಶನವಾಗಿ ಕೊಡುತ್ತಿದ್ದೆನು. ಈಚಿನ ವರ್ಷಗಳಲ್ಲಿ ಮೊಬೈಲ್ ಫೋನಿನ ನಿದರ್ಶನವೇ ಹೆಚ್ಚು ಹೊಂದುತ್ತದೆ. ಅಂತರ್ಜಾಲದಲ್ಲಿ ಮಕ್ಕಳಿಗೆ ಬಲೆಯೊಡ್ಡುವವನು ಕೌಟಿಲ್ಯನ ಹೆಸರನ್ನು ಕೇಳಿರಲಾರನು. ಆದರೂ ಅವನು ಏರುವ ಮೆಟ್ಟಿಲುಗಳು ಇವೇ ನಾಲ್ಕು, ಬಹುಮಟ್ಟಿಗೆ ಇದೇ ಕ್ರಮದಲ್ಲಿ. (‘ಅಂತರ್ಜಾಲ’ ಸರಿಯೋ ‘ಅಂತರಜಾಲ’ ಸರಿಯೋ ಎಂದು ಪಂಡಿತರು ಚರ್ಚಿಸುವುದುಂಟು. ಜಾಲವೆಂದರೆ ಬಲೆಯೆಂಬುದರಲ್ಲಿ ಯಾರಿಗೂ ವಿವಾದವಿಲ್ಲ.)

ಒಂಬತ್ತನೆಯ ತರಗತಿಯ ಹುಡುಗನೊಬ್ಬನು ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಆಟವಾಡುತ್ತಿದ್ದಾನೆಂದು ಇಟ್ಟುಕೊಳ್ಳಿ. ಈಗಿನ ಅನೇಕ ಆಟಗಳಲ್ಲಿ ಎಲ್ಲೆಲ್ಲಿಯೋ ಇರುವ ನಾಲ್ಕಾರು ಜನ ಒಂದು ತಂಡವಾಗಿ ಸೇರಿ ಆಡುತ್ತಾರೆ. ಆಡುತ್ತ ಮಾತನಾಡುವ ಅನುಕೂಲವೂ ಅಲ್ಲಿಯೇ ಇದೆ. “ಎಷ್ಟು ಚೆನ್ನಾಗಿ ಆಡ್ತೀಯೋ!” ಎಂದು ಒಂದು ದನಿ ಹೊಗಳುತ್ತದೆ. ಮನೆಯಲ್ಲಿ ಗಣಿತದ ಅಂಕಗಳ ವಿಚಾರವನ್ನಲ್ಲದೆ ಬೇರೆ ಮಾತನ್ನೇ ಕೇಳದ ಹುಡುಗನಿಗೆ ಅದು ಎಷ್ಟು ಹಿತವಾದೀತೆಂಬುದನ್ನು ನಾನು ಹೇಳಬೇಕಾಗಿಲ್ಲ. ಇದು ಸಾಮ. ನಾಲ್ಕು ದಿನ ಕಳೆದ ಮೇಲೆ ಆಟದೊಳಗಿನ ಒಂದು ಉಡುಪೋ ಆಯುಧವೋ ಉಡುಗೊರೆಯಾಗಿ ಬರುತ್ತದೆ. ನಮ್ಮ ಕಣ್ಣಿಗೆ ಅದು ಬರಿಯ ಬಣ್ಣದ ಚಿತ್ರ. ಆದರೆ ಅದಕ್ಕೂ ದುಡ್ಡು ತೆರಬೇಕು, ಗೆಳೆಯರ ನಡುವೆ ಅದಕ್ಕೊಂದು ಮರ್ಯಾದೆಯೂ ಉಂಟು. ಇದು ದಾನ. ಇಲ್ಲಿಯವರೆಗೆ ಕೆಟ್ಟದ್ದೇನೂ ನಡೆದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಿಜವಾದ ಗೆಳೆಯನೂ ಹೀಗೆಯೇ ನಡೆದುಕೊಂಡಾನು. ಆದುದರಿಂದಲೇ “ಅಪರಿಚಿತರೊಡನೆ ಮಾತನಾಡಬೇಡ” ಎಂಬ ನಮ್ಮ ಹಳೆಯ ಉಪದೇಶ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಗುವಿನ ಲೆಕ್ಕದಲ್ಲಿ ಅವನೀಗ ಅಪರಿಚಿತನೇ ಅಲ್ಲ.

ಮೂರನೆಯ ಮೆಟ್ಟಿಲಿನಲ್ಲಿ ಮಾತ್ರ ಎರಡು ಗುರುತುಗಳು ಕಾಣುತ್ತವೆ. ಒಂದು, ಎಲ್ಲರೂ ಕೇಳುವ ಜಾಗವನ್ನು ಬಿಟ್ಟು ಇಬ್ಬರೇ ಇರುವ ಜಾಗಕ್ಕೆ ಕರೆಯುವುದು: ಆಟದಿಂದ ವಾಟ್ಸ್‌ಆ್ಯಪಿಗೆ, ಇನ್‌ಸ್ಟಾಗ್ರಾಮಿಗೆ, ಟೆಲಿಗ್ರಾಮಿಗೆ. ಇನ್ನೊಂದು, “ಮನೆಯಲ್ಲಿ ಹೇಳಬೇಡ, ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ” ಎನ್ನುವುದು. ತಂದೆ ಗದರಿದ ದಿನವೇ ಈ ಮಾತು ಬಂದರಂತೂ ಅದು ನೇರವಾಗಿ ಎದೆಗೆ ನಾಟುತ್ತದೆ. ಇದೇ ಭೇದ.

ಆಮೇಲೆ ಒಂದು ಚಿತ್ರವನ್ನು ಕೇಳುವುದು. ಅದು ಕೈಗೆ ಬಂದೊಡನೆ ದನಿ ಬದಲಾಗುವುದು. ಹಣ ಕೊಡು, ಇಲ್ಲವೆ ಇನ್ನೂ ಚಿತ್ರಗಳನ್ನು ಕಳುಹಿಸು, ಇಲ್ಲದಿದ್ದರೆ ನಿನ್ನ ಗೆಳೆಯರಿಗೆಲ್ಲ ಇದನ್ನು ಹಂಚುತ್ತೇನೆ ಎಂಬ ಬೆದರಿಕೆ. ಗೆಳೆಯರ ಹೆಸರುಗಳನ್ನು ಅವನು ಆಗಲೇ ನೋಡಿಟ್ಟುಕೊಂಡಿರುತ್ತಾನೆ. ಇದಕ್ಕೆ ಹೆಣ್ಣುಮಕ್ಕಳು ಮಾತ್ರ ಗುರಿಯೆಂದು ತಿಳಿದಿರುವವರು ಬಹಳ. ಹುಡುಗಿಯ ಹೆಸರು, ಹುಡುಗಿಯ ಭಾವಚಿತ್ರ ಇಟ್ಟುಕೊಂಡು ಗಂಡುಹುಡುಗರಿಂದ ಹಣ ಕೀಳುವ ಗುಂಪುಗಳು ಈಗ ಅನೇಕ ದೇಶಗಳ ಪೊಲೀಸರಿಗೆ ದೊಡ್ಡ ತಲೆನೋವಾಗಿವೆ. ಬೆದರಿಸುವವನು ಹತ್ತಿರದಲ್ಲಿಯೇ ಇರಬೇಕೆಂದೂ ಇಲ್ಲ. ಕೆನಡಾದ ಹದಿನೈದು ವರ್ಷದ ಬಾಲಕಿಯೊಬ್ಬಳು ಇಂಥ ಕಾಟವನ್ನು ತಾಳಲಾರದೆ ೨೦೧೨ರಲ್ಲಿ ಪ್ರಾಣ ಕಳೆದುಕೊಂಡಳು. ಹತ್ತು ವರ್ಷಗಳ ಅನಂತರ, ೨೦೨೨ರಲ್ಲಿ, ಅಲ್ಲಿಯ ನ್ಯಾಯಾಲಯ ಅಪರಾಧಿಯೆಂದು ತೀರ್ಮಾನಿಸಿದ ಮನುಷ್ಯನು ಸಮುದ್ರದಾಚೆಯ ನೆದರ್ಲೆಂಡ್ಸಿನವನು. ಈಗಂತೂ ಮಗು ಯಾವ ಚಿತ್ರವನ್ನೂ ಕಳುಹಿಸಬೇಕಾಗಿಲ್ಲ. ಶಾಲೆಯ ವಾರ್ಷಿಕೋತ್ಸವದ ಸಾಮಾನ್ಯ ಭಾವಚಿತ್ರವೊಂದು ಸಿಕ್ಕಿದರೂ ಸಾಕು, ಕೃತಕ ಬುದ್ಧಿಮತ್ತೆಯ ಯಂತ್ರಗಳಿಂದ ಅಶ್ಲೀಲ ಚಿತ್ರವನ್ನು ಕಲ್ಪಿಸಿಬಿಡಬಹುದು. ‘ನನ್ನ ಮಗ ಅಂಥವನಲ್ಲ’ ಎಂಬ ಭರವಸೆ ಆದುದರಿಂದ ರಕ್ಷಣೆಯಾಗಲಾರದು.

ಈ ನಾಲ್ಕರಲ್ಲಿ ಮನೆಯವರು ತಡೆಯಬಹುದಾದದ್ದು ಯಾವುದು? ಹೊಗಳಿಕೆಯನ್ನು ತಡೆಯಲಾರೆವು. ಉಡುಗೊರೆ ಬಂದದ್ದು ನಮಗೆ ತಿಳಿಯುವುದೇ ಕಷ್ಟ. ಬೆದರಿಕೆ ಬರುವ ಹೊತ್ತಿಗೆ ಮಗು ಒಂಟಿಯಾಗಿ ಹೋಗಿದೆ. ಭೇದವೊಂದೇ ನಮ್ಮ ಕೈಯಲ್ಲಿರುವುದು; ವಿಷಾದವೆಂದರೆ, ಅನೇಕ ಮನೆಗಳಲ್ಲಿ ಆ ಕೆಲಸವನ್ನು ಅಪರಿಚಿತನಿಗಾಗಿ ನಾವೇ ಮಾಡಿಕೊಡುತ್ತೇವೆ. “ಏನಾದರೂ ಎಡವಟ್ಟಾಯಿತೋ, ಫೋನು ಕಿತ್ತುಕೊಳ್ಳುತ್ತೇನೆ” ಎಂಬುದು ನಮ್ಮಲ್ಲಿ ಮೊದಲನೆಯ ಕಟ್ಟಳೆ. ನಾವು ಆಡುವುದು ಎಚ್ಚರಿಕೆಯ ಮಾತು. ಮಗುವಿಗೆ ಕೇಳಿಸುವುದು, ಹೇಳಿಕೊಂಡರೆ ಶಿಕ್ಷೆ ಎಂದು. ಆಗ ಅದು ಸುಮ್ಮನಿದ್ದು, ಅಜ್ಜಿ ಕೊಟ್ಟ ಹಣವನ್ನೋ ತಾಯಿಯ ಖಾತೆಯ ಹಣವನ್ನೋ ಕದ್ದು ಕಳುಹಿಸುತ್ತದೆ. ಹಣ ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ.

ಆದುದರಿಂದ ಮೊದಲೇ, ಏನೂ ನಡೆಯದಿರುವಾಗಲೇ, ಬಾಯಿಬಿಟ್ಟು ಹೇಳಿರಬೇಕಾದ ಮಾತೊಂದಿದೆ: “ಏನೇ ಆಗಿರಲಿ, ಎಷ್ಟು ಹೊತ್ತಾಗಿರಲಿ, ನನ್ನ ಹತ್ತಿರ ಬಂದು ಹೇಳು. ಬೈಯುವುದಿಲ್ಲ, ಫೋನು ಕಸಿಯುವುದಿಲ್ಲ.” ಕೋಪವನ್ನು ತಡೆಯಲಾರದ ತಂದೆಯಿದ್ದರೆ ಸೋದರಮಾವನನ್ನೋ ಚಿಕ್ಕಮ್ಮನನ್ನೋ ಹೆಸರಿಸಿ ಇವರಿಗೆ ಹೇಳೆಂದು ತೋರಿಸಿಕೊಟ್ಟರೂ ಆದೀತು. ಹಾಗಾದರೆ ಕಟ್ಟಳೆಗಳೇ ಬೇಡವೇ ಎಂದು ಕೇಳುವಿರಿ. ಬೇಕು. ರಾತ್ರಿ ಫೋನುಗಳೆಲ್ಲ ನಡುಮನೆಯಲ್ಲಿಯೇ ಇರಲಿ, ತಂದೆಯದೂ ಸೇರಿ. ಖಾತೆ ಎಲ್ಲರಿಗೂ ತೆರೆದಿರುವುದು ಬೇಡ. ವಯಸ್ಸನ್ನು ಸುಳ್ಳು ಹೇಳಿ ಖಾತೆ ತೆರೆದರೆ ಹದಿಹರೆಯದವರಿಗೆಂದು ಇನ್‌ಸ್ಟಾಗ್ರಾಂ ೨೦೨೪ರಿಂದ ಜಾರಿಗೆ ತಂದ ಬಿಗಿಯಾದ ಕಟ್ಟುಪಾಡುಗಳು ತಪ್ಪಿಹೋಗುತ್ತವೆ. ಆಸ್ಟ್ರೇಲಿಯಾ ದೇಶವು ೨೦೨೫ರ ಡಿಸೆಂಬರಿನಿಂದ ಹದಿನಾರು ತುಂಬದವರಿಗೆ ಇಂಥ ಖಾತೆಗಳನ್ನೇ ನಿಷೇಧಿಸಿತು. ನಿಷೇಧದ ಗುಣದೋಷಗಳ ಚರ್ಚೆ ಇಲ್ಲಿ ಬೇಡ, ಇವೆಲ್ಲ ಬೇಲಿಗಳು. ಬೇಲಿಯನ್ನು ಹಾರಿ ಬಂದವನ ವಿಚಾರವನ್ನು ನಮಗೆ ತಿಳಿಸಬೇಕಾದದ್ದು ಮಗುವೇ.

ಇನ್ನು, ಅಂಥ ದಿನ ಬಂದೇಬಿಟ್ಟಿತೆನ್ನಿ. ಹಣ ಕೊಡಬಾರದು, ಮತ್ತೊಂದು ಚಿತ್ರವನ್ನು ಕಳುಹಿಸಬಾರದು. ಗಾಬರಿಯಿಂದ ಎಲ್ಲವನ್ನೂ ಅಳಿಸಿಹಾಕಲೂ ಬಾರದು: ಬೆದರಿಕೆಯ ಮಾತುಗಳು, ಖಾತೆಯ ಹೆಸರು, ದಿನ, ವೇಳೆ ಇವು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಅವನನ್ನು ಬ್ಲಾಕ್ ಮಾಡಬೇಕು. ಮಗುವಿನ ಚಿತ್ರವನ್ನು ಮಾತ್ರ, ಸಲಹೆ ಕೇಳುವುದಕ್ಕೆಂದಾದರೂ, ನೆಂಟರಿಗೆ ಕಳುಹಿಸತಕ್ಕದ್ದಲ್ಲ; ಹಾಗೆ ಹಂಚುವುದೇ ಅಪರಾಧವಾದೀತು. ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮. ಹಣ ಹೋಗಿದ್ದರೆ ತಡಮಾಡದೆ ೧೯೩೦ಕ್ಕೆ ಕರೆ ಮಾಡಬೇಕು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರದ ಜಾಲತಾಣದಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ವಿಷಯವನ್ನು ಹೆಸರು ತಿಳಿಸದೆಯೂ ವರದಿ ಮಾಡಬಹುದು.

ಪೊಲೀಸರೆಂದರೆ ಮಾನ ಹೋಗುವುದೆಂಬ ಅಂಜಿಕೆ ಸಹಜವಾದದ್ದು. ಪೋಕ್ಸೊ ಎಂದು ಹೆಸರಾದ ೨೦೧೨ರ ಕಾಯಿದೆಯನ್ನು ಓದಿ ನೋಡಿದರೆ ಆ ಅಂಜಿಕೆ ಬಹುಮಟ್ಟಿಗೆ ಇಳಿಯುತ್ತದೆ. ಹದಿನೆಂಟು ತುಂಬದವರೆಲ್ಲರೂ, ಗಂಡಾಗಲಿ ಹೆಣ್ಣಾಗಲಿ, ಅದರ ಆಶ್ರಯದಲ್ಲಿದ್ದಾರೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ, ಇಲ್ಲವೆ ಅದು ಬಯಸಿದ ಜಾಗದಲ್ಲಿ, ತಂದೆತಾಯಿಯರೋ ಅದಕ್ಕೆ ನಂಬಿಕೆಯುಳ್ಳವರೋ ಎದುರಿಗಿರುವಾಗ ಬರೆದುಕೊಳ್ಳಬೇಕು. ಬರುವ ಅಧಿಕಾರಿ ಸಮವಸ್ತ್ರದಲ್ಲಿರಕೂಡದು, ಸಾಧ್ಯವಿದ್ದಮಟ್ಟಿಗೆ ಮಹಿಳೆಯಾಗಿರಬೇಕು. ಪತ್ರಿಕೆಗಳು ಮಗುವಿನ ಗುರುತನ್ನು ಹೊರಗೆಡಹಬಾರದು. ನಿಜವಾದ ಚಿತ್ರವನ್ನಷ್ಟೇ ಅಲ್ಲ, ಕಲ್ಪಿಸಿದ ಚಿತ್ರವನ್ನು ತೋರಿಸಿ ಬೆದರಿಸುವುದೂ ಈ ಕಾಯಿದೆಯ ಹನ್ನೊಂದನೆಯ ಪ್ರಕರಣದಲ್ಲಿ ಸೇರಿದೆ. ಅದೇ ಕಾಯಿದೆಯಲ್ಲಿ ಉಪಾಧ್ಯಾಯರು ನೆನಪಿಡಬೇಕಾದ ಮಾತೂ ಒಂದಿದೆ: ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಹೀಗಾಗಿ “ಯಾರಿಗೂ ಹೇಳುವುದಿಲ್ಲ” ಎಂದು ನಾವು ಮಗುವಿಗೆ ಭಾಷೆ ಕೊಡುವಂತಿಲ್ಲ. “ನಿನ್ನ ಜೊತೆಯಲ್ಲಿರುತ್ತೇನೆ” ಎಂದು ಧಾರಾಳವಾಗಿ ಕೊಡಬಹುದು.

ಹರಡುವ ಚಿತ್ರವನ್ನು ತಡೆಯುವ ಉಪಾಯವೂ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು ೨೦೨೩ರಲ್ಲಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯನ್ನು ಆರಂಭಿಸಿತು. ನಮ್ಮ ದೇಶದಿಂದಲೂ ಅದನ್ನು ಬಳಸಬಹುದು. ಚಿತ್ರ ನಮ್ಮ ಫೋನನ್ನು ಬಿಟ್ಟು ಹೋಗುವುದಿಲ್ಲ. ಹೆಬ್ಬೆರಳಿನ ಗುರುತಿನಂತೆ ಆ ಚಿತ್ರಕ್ಕೇ ಮೀಸಲಾದ ಒಂದು ಸಂಕೇತವನ್ನು ಫೋನಿನಲ್ಲಿಯೇ ಸಿದ್ಧಪಡಿಸಿ, ಆ ಸಂಕೇತವನ್ನು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ, ಆ ಸೇವೆಯಲ್ಲಿ ಸೇರಿರುವ ಸಂಸ್ಥೆಗಳಿಗೆ ಒದಗಿಸುತ್ತಾರೆ. ಅದೇ ಗುರುತಿನ ಚಿತ್ರ ಅಲ್ಲಿ ಕಂಡರೆ ಆ ಸಂಸ್ಥೆಗಳು ಅದನ್ನು ತೆಗೆದುಹಾಕಬಹುದು. ಸೇರದ ತಾಣಗಳಲ್ಲಿಯೂ, ಬೀಗ ಹಾಕಿದ ಲಕೋಟೆಯಂತೆ ಒಬ್ಬರಿಂದೊಬ್ಬರಿಗೆ ಹೋಗುವ ಖಾಸಗಿ ಸಂದೇಶಗಳಲ್ಲಿಯೂ ಇದು ನಡೆಯದು. ಬೇಗ ಮಾಡಿದಷ್ಟೂ ಫಲ ಹೆಚ್ಚು. ಚಿತ್ರ ತೆಗೆದ ಕಾಲಕ್ಕೆ ಹದಿನೆಂಟು ದಾಟಿದ್ದವರಿಗೆ, ಕಾಲೇಜಿಗೆ ಹೋಗುವ ಅಕ್ಕ ಅಣ್ಣಂದಿರಿಗೆ, ಇದೇ ಬಗೆಯ ‘ಸ್ಟಾಪ್ ಎನ್‌ಸಿಐಐ’ ಎಂಬ ಸೇವೆ ಬೇರೆಯಾಗಿಯೇ ಇದೆ.