ಅಡಿಗೆಮನೆಯ ಕಸದಲ್ಲಿರುವ ಸೂಕ್ಷ್ಮನಾರು

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಡಿಗೆಮನೆಗಳಿಂದ ದಿನವೂ ಹೊರಬೀಳುವ ಕಾಯಿಪಲ್ಯದ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟುಗಳಲ್ಲಿ ಗೊಬ್ಬರಕ್ಕೆ ಒದಗುವ ಸಾರವಲ್ಲದೆ ಬಹು ಬಲವಾದ ನಾರೂ ಇರುತ್ತದೆ. ಗಿಡವನ್ನು ನೆಟ್ಟಗೆ ನಿಲ್ಲಿಸತಕ್ಕದ್ದು ಇದೇ. 1838ರಲ್ಲಿ ಫ್ರಾನ್ಸ್ ದೇಶದ ಆನ್ಸೆಲ್ಮ್ ಪಾಯೆನ್ ಎಂಬ ರಸಾಯನಶಾಸ್ತ್ರಜ್ಞನು ಬೇರ್ಪಡಿಸಿದ ಈ ವಸ್ತುವಿಗೆ ಸೆಲ್ಯುಲೋಸ್ ಎಂದು ಹೆಸರು. ಹತ್ತಿಯ ಎಳೆಯು ಬಹುತೇಕ ಇದೇ ಆಗಿದೆ.

ಹುರಿಹಗ್ಗವನ್ನು ಬಿಚ್ಚಿದರೆ ಎಳೆ, ಎಳೆಯನ್ನು ಬಿಚ್ಚಿದರೆ ಮತ್ತೂ ಸಣ್ಣ ಎಳೆ ದೊರೆಯುವಂತೆ, ಈ ನಾರಿನೊಳಗೂ ಕಣ್ಣಿಗೆ ಕಾಣದ ಎಳೆಗಳುಂಟು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್ ಆಗುತ್ತದೆ. ಈ ಎಳೆಗಳ ದಪ್ಪವು ಸುಮಾರು 5ರಿಂದ 50 ನ್ಯಾನೋಮೀಟರ್ ಮಾತ್ರ. ಆದಕಾರಣ ಇವನ್ನು ನ್ಯಾನೋನಾರೆನ್ನುವರು.

ಇವನ್ನು ಬಿಡಿಸಲು ಸಿಪ್ಪೆಯನ್ನು ತೊಳೆದು ಅರೆದು, ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಾಯಿಸಬೇಕು. ಎಳೆಗಳನ್ನು ಅಂಟಿಸಿರುವ ಪದಾರ್ಥಗಳು ಬಹುಮಟ್ಟಿಗೆ ಕರಗಿಹೋಗುತ್ತವೆ. ಉಳಿದುದನ್ನು ಬಿಳುಪುಮಾಡಿ ನೀರಿನಲ್ಲಿ ಕದಡಿ, ಹಾಲನ್ನು ಏಕರಸಮಾಡುವ ಯಂತ್ರದಂತಹ ಯಂತ್ರದಲ್ಲಿ ಅಧಿಕ ಒತ್ತಡದಿಂದ ಮೇಲಿಂದಮೇಲೆ ಹಾಯಿಸುತ್ತಾರೆ. ಕೊನೆಗೆ ಗಂಜಿಯಂತಹ ಲೋಳೆ ದೊರೆಯುತ್ತದೆ. ಅದರ ನೂರು ಪಾಲಿನಲ್ಲಿ ನಾರು ಒಂದೆರಡು ಪಾಲು, ಮಿಕ್ಕದ್ದೆಲ್ಲ ನೀರು. ಕಾಗದಕ್ಕೆ ಬಲ ಕೊಡಲೂ, ಗೋಡೆಯ ಬಣ್ಣವನ್ನು ಮಂದಗೊಳಿಸಲೂ ಇದು ಉಪಯುಕ್ತ. ಅಮೆರಿಕದವರು ಮರದ ತಿರುಳಿನಿಂದ ಇದನ್ನು ಮಾಡಿದ ಕ್ರಮವನ್ನು 1983ರಲ್ಲಿ ಪ್ರಕಟಿಸಿದರು. ಸ್ಕಾಟ್ಲೆಂಡಿನ ಸೆಲ್ಯುಕಾಂಪ್ ಎಂಬ ಕಂಪೆನಿಯು ಗಜ್ಜರಿ ಮೊದಲಾದ ಗೆಡ್ಡೆಗಳ ಚರಟದಿಂದ ಬಣ್ಣಕ್ಕೆ ಬೆರಸುವ ಪದಾರ್ಥವನ್ನು ತಯಾರಿಸಿತು. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನ ಸಂಸ್ಥೆಯಲ್ಲಿ 2015ರಲ್ಲಿ ಇದರ ಪ್ರಾಯೋಗಿಕ ಘಟಕವು ಆರಂಭವಾಯಿತು.

ಹಾಗಾದರೆ ಕೆಂಗೇರಿಯ ಕಡೆಯ ಭೂಮಾಲೀಕರು ಇದಕ್ಕೆ ಹಣ ತೊಡಗಿಸಬಹುದೇ? ಲೆಕ್ಕವನ್ನು ನೋಡಬೇಕು. ನೂರು ಕಿಲೋ ಹಸಿ ಸಿಪ್ಪೆಯಲ್ಲಿ ಸುಮಾರು 85 ಕಿಲೋ ನೀರೇ. ಒಣಗಿ ಉಳಿದುದರಲ್ಲಿ ಶುದ್ಧನಾರು ಎರಡು ಮೂರು ಕಿಲೋ ದೊರೆತರೆ ಹೆಚ್ಚು. ಅನ್ನ, ಎಣ್ಣೆ, ಮೊಟ್ಟೆಯ ಚಿಪ್ಪುಗಳೊಡನೆ ಬೆರೆತ ಕಸವು ಈ ಕೆಲಸಕ್ಕೆ ಬಾರದು. ಒಂದೇ ಜಾತಿಯ ಸಿಪ್ಪೆ ಬೇಕು. ಈ ದೃಷ್ಟಿಯಿಂದ ನಗರದ ಕಸಕ್ಕಿಂತ ತೋಟದಲ್ಲಿ ಕಡಿದು ಬಿಸಾಡುವ ಬಾಳೆಯ ದಿಂಡೇ ಮೇಲು.

ಇನ್ನೊಂದು ಮಾತು. ಕ್ಷಾರದಲ್ಲಿ ಕಾಯಿಸಿದ ಕಪ್ಪುನೀರನ್ನು ಶುದ್ಧಿಮಾಡದೆ ಹೊರಕ್ಕೆ ಬಿಡಲಾಗದು. ವೃಷಭಾವತಿಯು ನಗರದ ಕೊಳಚೆಯನ್ನು ಹೊತ್ತು ಕೆಂಗೇರಿಯನ್ನು ದಾಟಿ ಬೈರಮಂಗಲದ ಜಲಾಶಯವನ್ನು ಸೇರುವುದನ್ನು ಆ ಭಾಗದ ರೈತರು ಬಲ್ಲರು. ಆ ಹೊರೆಗೆ ಮತ್ತೊಂದನ್ನು ಕೂಡಿಸುವ ಕೈಗಾರಿಕೆಯನ್ನು ಗ್ರಾಮದ ಮುಖಂಡರು ಊರೊಳಕ್ಕೆ ಕರೆಯಬಾರದು.

ಬೆರೆತ ಹಸಿಕಸಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ, ‘ಬೆಂಗಳೂರು ಪದ್ಧತಿ’ಯೆಂದು ಹೆಸರಾದ ಕ್ರಮವೇ ಸಾಕು. ಸುಮಾರು ಮೂರಡಿ ಆಳದ ಗುಂಡಿಯಲ್ಲಿ ಕಸವನ್ನೂ ಸಗಣಿಯನ್ನೂ ಪದರಪದರವಾಗಿ ತುಂಬಿ ಮಣ್ಣಿನಿಂದ ಮುಚ್ಚಿದರೆ ಆರೆಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಗಾಜು, ಪ್ಲಾಸ್ಟಿಕ್‌ಗಳನ್ನು ಗುಂಡಿಗೆ ಹಾಕುವುದಕ್ಕೆ ಮೊದಲೇ ಆರಿಸಿ ತೆಗೆಯತಕ್ಕದ್ದು. ಹೊಲಕ್ಕೆ ಬಿದ್ದ ಮೇಲೆ ಅವನ್ನು ಹೆಕ್ಕುವುದು ಆಗದ ಕೆಲಸ.